ಮೂರು ಪ್ರತಿಗಳ ಸ್ಟೋರೇಜ್ ನಿಧಾನವಾದಾಗ: ಹಿಂದುಳಿದ ಸರ್ವರನ್ನು ಪತ್ತೆ ಹಚ್ಚುವುದು ಹೇಗೆ?

ಒಂದೇ ಫೈಲನ್ನು ಮೂರು ಸರ್ವರ್‌ಗಳಲ್ಲಿ ಏಕಕಾಲಕ್ಕೆ ಬರೆದಿಡುವ ಗ್ಲಸ್ಟರ್‌ಎಫ್‌ಎಸ್ ತಂತ್ರಾಂಶವನ್ನು ಬಳಸುವ ಕಚೇರಿಗಳಲ್ಲಿ ಪದೇಪದೇ ಕೇಳಿಬರುವ ದೂರು ಒಂದೇ: ಫೋಲ್ಡರ್ ತೆರೆಯುವುದಕ್ಕೂ ಫೈಲ್ ಸೇವ್ ಮಾಡುವುದಕ್ಕೂ ವಿಪರೀತ ಸಮಯ ಹಿಡಿಯುತ್ತದೆ. ದೂರು ಬಂದ ಕೂಡಲೇ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಿಸಿ ನೋಡುವವರೇ ಹೆಚ್ಚು. ಆದರೆ ಊಟದ ಪಂಕ್ತಿಯಲ್ಲಿ ಕೊನೆಯವರು ಉಂಡು ಮುಗಿಸುವವರೆಗೆ ಉಳಿದವರು ಏಳದಿರುವಂತೆ, ಇಲ್ಲಿಯೂ ಮೂರು ಪ್ರತಿಗಳಲ್ಲಿ ಅತಿ ನಿಧಾನದ್ದು ಮುಗಿಯದೆ ಬರವಣಿಗೆ ಪೂರ್ಣವಾಗುವುದಿಲ್ಲ; ಆದ್ದರಿಂದ ಹಿಂದುಳಿದ ಪ್ರತಿ ಯಾವುದೆಂದು ತಿಳಿಯುವುದೇ ಮೊದಲ ಕೆಲಸ.

ಅದಕ್ಕೂ ಮುನ್ನ ಒಂದು ಸಣ್ಣ ಲೆಕ್ಕ ಹಾಕಿಕೊಳ್ಳಬೇಕು. ಗ್ಲಸ್ಟರ್‌ನಲ್ಲಿ ಮೂರೂ ಪ್ರತಿಗಳನ್ನು ಕಳುಹಿಸುವುದು ಬಳಕೆದಾರನ ಕಂಪ್ಯೂಟರೇ. 1 ಗಿಗಾಬಿಟ್ ಜಾಲದ ಗರಿಷ್ಠ ವೇಗ ಸೆಕೆಂಡಿಗೆ 125 ಮೆಗಾಬೈಟ್. ಅದು ಮೂರು ಪಾಲಾದರೆ ಸುಮಾರು 40 ಉಳಿಯುತ್ತದೆ. ನಿಮಗೆ 35 ಸಿಗುತ್ತಿದ್ದರೆ ಅದು ದೋಷವಲ್ಲ, ಜಾಲದ ಮಿತಿ. 10 ಗಿಗಾಬಿಟ್ ಕಾರ್ಡ್ ಹಾಕಿಸುವುದು, ಇಲ್ಲವೇ ಮೂರನೆಯ ಸರ್ವರಿನಲ್ಲಿ ಫೈಲಿನ ಹೆಸರು ಮತ್ತು ವಿವರಗಳನ್ನಷ್ಟೇ ಇಡುವ ಆರ್ಬಿಟರ್ ವಿಧಾನಕ್ಕೆ ಬದಲಾಗುವುದು ಇದಕ್ಕಿರುವ ದಾರಿ.

ವೇಗ ಅದಕ್ಕಿಂತ ತೀರಾ ಕಡಿಮೆಯಿದ್ದರೆ, ‘ಹೀಲ್ ಇನ್ಫೋ ಸಮ್ಮರಿ’ ಆದೇಶ ಕೊಟ್ಟು ನೋಡಿ. ಯಾವುದಾದರೂ ಸರ್ವರ್ ಕೆಲಹೊತ್ತು ನಿಂತುಹೋಗಿದ್ದರೆ, ಆ ಅವಧಿಯಲ್ಲಿ ಬದಲಾದ ಫೈಲುಗಳನ್ನು ವ್ಯವಸ್ಥೆ ಹಿನ್ನೆಲೆಯಲ್ಲಿ ಸರಿಪಡಿಸುತ್ತಿರುತ್ತದೆ. ಬಾಕಿ ಸಂಖ್ಯೆ ಇಳಿಯುತ್ತಿದ್ದರೆ ಕಾಯುವುದೇ ಲೇಸು. ಸ್ಪ್ಲಿಟ್ ಬ್ರೈನ್ (ಪ್ರತಿಗಳು ಒಂದಕ್ಕೊಂದು ಹೊಂದದೆ, ಯಾವುದು ಸರಿಯೆಂದು ವ್ಯವಸ್ಥೆಗೇ ತಿಳಿಯದ ಸ್ಥಿತಿ) ಸಾಲಿನಲ್ಲಿ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಸರಿಯಾದ ಪ್ರತಿ ಯಾವುದೆಂದು ನೀವೇ ನಿರ್ಧರಿಸಬೇಕಾಗುತ್ತದೆ.

ಬಾಕಿ ಏನೂ ಇಲ್ಲದಿದ್ದರೆ ‘ಪ್ರೊಫೈಲ್ ಸ್ಟಾರ್ಟ್’ ಕೊಟ್ಟು, ಹತ್ತು ನಿಮಿಷ ಎಂದಿನ ಕೆಲಸ ನಡೆಯಲು ಬಿಟ್ಟು, ‘ಪ್ರೊಫೈಲ್ ಇನ್ಫೋ’ ಓದಿ. ಗ್ಲಸ್ಟರ್ ಭಾಷೆಯಲ್ಲಿ ಬ್ರಿಕ್ ಎನ್ನುವ ಪ್ರತಿಯೊಂದು ಡಿಸ್ಕ್ ಜಾಗದಲ್ಲೂ ರೈಟ್, ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕಿಗೆ ಖಚಿತವಾಗಿ ಇಳಿಸುವುದು), ಲುಕಪ್ (ಫೈಲನ್ನು ಹೆಸರಿನಿಂದ ಹುಡುಕುವುದು) ಮುಂತಾದ ಕೆಲಸಗಳಿಗೆ ಸರಾಸರಿ ಎಷ್ಟು ಮೈಕ್ರೊಸೆಕೆಂಡ್ ಹಿಡಿಯಿತೆಂದು ಅದು ಹೇಳುತ್ತದೆ. ಈ ಅಳತೆ ನಡೆಯುವುದು ಸರ್ವರ್‌ನ ಒಳಗೆ. ಜಾಲದಲ್ಲಿ ಕಳೆದ ಸಮಯ ಇದರಲ್ಲಿ ಸೇರುವುದಿಲ್ಲ. ಹಾಗಾಗಿ ಮೂರರಲ್ಲಿ ಒಂದು ಬ್ರಿಕ್‌ನ ಸಂಖ್ಯೆ ಮಾತ್ರ ಏರಿದ್ದರೆ ತೊಂದರೆ ಡಿಸ್ಕ್‌ನದ್ದು. ಮೂರೂ ಚೆನ್ನಾಗಿದ್ದು ಬಳಕೆದಾರ ಮಾತ್ರ ಕಾಯುತ್ತಿದ್ದರೆ ಜಾಲವನ್ನು ಶಂಕಿಸಬೇಕು.

ನಾನು ನೋಡಿಕೊಳ್ಳುತ್ತಿದ್ದ ಫೋಟೊ ಸಂಗ್ರಹವೊಂದರಲ್ಲಿ ಆದದ್ದೂ ಇದೇ. ಬರೆಯುವ ವೇಗ ಸೆಕೆಂಡಿಗೆ 11 ಮೆಗಾಬೈಟ್‌ಗೆ ಕುಸಿದಿತ್ತು. ಓದುವಾಗ ಕೆಲವು ಫೈಲುಗಳು ತಟ್ಟನೆ ತೆರೆದುಕೊಂಡರೆ ಕೆಲವು ತೆವಳುತ್ತಿದ್ದವು. ಫೈಲಿನ ಒಳಗಿನದನ್ನು ಓದುವಾಗ ಗ್ಲಸ್ಟರ್ ಒಂದೇ ಬ್ರಿಕ್ಕನ್ನು ಆರಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಪ್ರೊಫೈಲ್‌ನಲ್ಲಿ ಲೋಪ ಕಾಣಲಿಲ್ಲ. ಎರಡನೆಯ ಸರ್ವರ್‌ನಲ್ಲಿ ‘ಈಥ್‌ಟೂಲ್’ (ಜಾಲದ ಕಾರ್ಡಿನ ಸ್ಥಿತಿ ತೋರಿಸುವ ಆದೇಶ) ಓಡಿಸಿದಾಗ ವೇಗದ ಮುಂದೆ 1000 ಇರಬೇಕಾದಲ್ಲಿ 100 ಎಂದಿತ್ತು. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು; ರ‍್ಯಾಕ್ ಬಾಗಿಲಿಗೆ ಸಿಕ್ಕಿ ಜಜ್ಜಿದ್ದ ಕೇಬಲ್ಲೊಂದು ಇಡೀ ಕಚೇರಿಯನ್ನು ವಾರಗಟ್ಟಲೆ ಕಾಯಿಸಿತ್ತು. ಜಂಬೊ ಫ್ರೇಮ್ (ಜಾಲದಲ್ಲಿ ಎಂದಿಗಿಂತ ದೊಡ್ಡ ದತ್ತಾಂಶ ತುಣುಕುಗಳು) ಬಳಸುವವರು ಎಲ್ಲ ಸರ್ವರ್ ಮತ್ತು ಸ್ವಿಚ್‌ಗಳಲ್ಲೂ ಎಂಟಿಯು (ಒಂದು ತುಣುಕಿನ ಗರಿಷ್ಠ ಗಾತ್ರ) ಒಂದೇ ಇದೆಯೇ ಎಂಬುದನ್ನೂ ನೋಡಬೇಕು.

ಡಿಸ್ಕ್ ಮೇಲೆ ಶಂಕೆ ಬಂದರೆ ‘ಐಒಸ್ಟಾಟ್’ನಲ್ಲಿ ಕಾಯುವ ಸಮಯವನ್ನೂ ‘ಸ್ಮಾರ್ಟ್‌ಸಿಟಿಎಲ್’ನಲ್ಲಿ ಪೆಂಡಿಂಗ್ (ಓದಲು ತೊಡಕಾಗಿ ಶಂಕೆಯಲ್ಲಿರುವ) ಸೆಕ್ಟರ್‌ಗಳ ಸಂಖ್ಯೆಯನ್ನೂ ಗಮನಿಸಿ. ಜಾಲವೂ ಡಿಸ್ಕೂ ಸರಿಯಿದ್ದು, ಪ್ರೊಫೈಲ್‌ನಲ್ಲಿ ಲುಕಪ್ ಪಾಲೇ ದೊಡ್ಡದಾಗಿದ್ದರೆ ಸಾವಿರಾರು ಸಣ್ಣ ಫೈಲುಗಳೇ ಕಾರಣ. ಆಗ ‘ಮೆಟಾಡೇಟಾ ಕ್ಯಾಶ್’ ಗುಂಪಿನ ಸೆಟ್ಟಿಂಗ್ ಹಾಕಿದರೆ ಫೈಲ್ ವಿವರಗಳು 600 ಸೆಕೆಂಡ್‌ವರೆಗೆ ಬಳಕೆದಾರನ ಬಳಿಯೇ ಉಳಿಯುತ್ತವೆ.

ಎಲ್ಲವೂ ಮುಕ್ಕಾಲು ನಿಮಿಷ ಸ್ತಬ್ಧವಾಗಿ ಮತ್ತೆ ಚಲಿಸುವುದು ಬೇರೆಯೇ ಲಕ್ಷಣ. ಸರ್ವರ್ ದಿಢೀರನೆ ಸಂಪರ್ಕ ಕಡಿದುಕೊಂಡಾಗ ಗ್ಲಸ್ಟರ್ 42 ಸೆಕೆಂಡ್ ಕಾಯುತ್ತದೆ. ಈ ಅವಧಿಯನ್ನು ಐದಕ್ಕೆ ಇಳಿಸುವ ಸಲಹೆ ಕೊಡುವವರಿದ್ದಾರೆ. ಕ್ಷಣಕಾಲದ ಅಡಚಣೆಗೂ ಸಂಪರ್ಕ ಕಡಿದು ಹೊಸ ತಲೆನೋವು ಶುರುವಾಗುವುದರಿಂದ ನಾನಂತೂ ಅದನ್ನು ಮುಟ್ಟುವುದಿಲ್ಲ.

ದುರಸ್ತಿಗೆ ಇಳಿದ ಮೇಲೆ ಒಂದು ಬಾರಿಗೆ ಒಂದೇ ಸರ್ವರನ್ನು ನಿಲ್ಲಿಸಿ. ಅದು ಮರಳಿ ಬಂದು, ಹೀಲ್ ಬಾಕಿ ಸೊನ್ನೆಯಾದ ನಂತರವೇ ಮುಂದಿನದಕ್ಕೆ ಕೈಹಾಕಿ, ಕೊನೆಗೆ ‘ಪ್ರೊಫೈಲ್ ಸ್ಟಾಪ್’ ಕೊಟ್ಟು ಅಳತೆಯನ್ನು ನಿಲ್ಲಿಸಿ.