ಪ್ರೊಸೆಸರ್ ಬದಲಿಸಲು ಹೊರಟಿದ್ದೆ, ತೊಂದರೆ ಬೇರೆ ಕಡೆ ಇತ್ತು

ನನ್ನ ಲ್ಯಾಪ್‌ಟಾಪ್‌ಗೆ ಏಳು ವರ್ಷ. ಬಟನ್ ಒತ್ತಿ, ಕಾಫಿ ಮಾಡಿಕೊಂಡು ಬಂದರೂ ಅದಿನ್ನೂ ಆನ್ ಆಗುತ್ತಲೇ ಇರುತ್ತಿತ್ತು. ಪ್ರೊಸೆಸರ್ ಹಳೇದಾಯ್ತು, ಅದನ್ನೇ ಬದಲಿಸೋಣ ಅಂದುಕೊಂಡೆ. ಅಂಗಡಿಯವರು “ಹೊಸದೇ ತಗೊಳ್ಳಿ ಸರ್” ಅಂದರು.

ಒಳಗಿರುವ ಪ್ರೊಸೆಸರ್ ಇಂಟೆಲ್ ಐ5-8250ಯು. ಇದನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಡೆಸ್ಕ್‌ಟಾಪ್‌ನಲ್ಲಿ ಮಾಡುವ ಹಾಗೆ ಕಿತ್ತು ಇನ್ನೊಂದು ಕೂರಿಸೋಣವೆಂದರೆ ಸಾಕೆಟ್ಟೇ ಇಲ್ಲ. ಬೋರ್ಡ್ ಸಮೇತ ಬದಲಿಸುವುದು ಸುಮ್ನೆ ದಂಡ.

ಅಷ್ಟಕ್ಕೂ ತಪ್ಪು ಪ್ರೊಸೆಸರ್‌ದೇನಾ? ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಸಿಪಿಯು, ಅಂದರೆ ಪ್ರೊಸೆಸರ್, 12%; ಡಿಸ್ಕ್ 100%. ಇದನ್ನು ಮೊದಲೇ ನೋಡಬೇಕಿತ್ತು, ಅಲ್ವಾ! ಪಾಪ, ಪ್ರೊಸೆಸರ್‌ನ ನಾಲ್ಕು ಕೋರ್‌ಗಳು ಕೈಕಟ್ಟಿ ಕೂತಿದ್ದವು. ತಿರುಗುವ ಹಾರ್ಡ್‌ಡಿಸ್ಕ್ ಒಂದೇ ಏದುಸಿರು ಬಿಡುತ್ತಿತ್ತು. ರ‍್ಯಾಮ್ ಬೇರೆ ಬರೀ 4 ಜಿಬಿ.

ಹಾರ್ಡ್‌ಡಿಸ್ಕ್ ಜಾಗಕ್ಕೆ ತಿರುಗುವ ಭಾಗವೇ ಇಲ್ಲದ, ವೇಗದ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ಡಿಡಿಆರ್4 ರ‍್ಯಾಮ್ ತಂದೆ. ಬಿಚ್ಚಿದ ಸ್ಕ್ರೂಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಇಟ್ಟೆ, ಉದ್ದದವು ಒಂದರಲ್ಲಿ, ಗಿಡ್ಡವು ಇನ್ನೊಂದರಲ್ಲಿ. ಆದರೂ ತಳದ ಮುಚ್ಚಳ ಬರಲೊಲ್ಲದು. ಎಳೆದೂ ಎಳೆದೂ ಸಾಕಾಯ್ತು. ಕೊನೆಗೆ ನೋಡಿದರೆ ಹಿಂದಿನ ರಬ್ಬರ್ ಪಾದಗಳ ಕೆಳಗೆ ಎರಡು ಸ್ಕ್ರೂ ಅಡಗಿದ್ದವು! ಬ್ಯಾಟರಿ ಕನೆಕ್ಟರ್ ತೆಗೆದ ಮೇಲೆಯೇ ಉಳಿದದ್ದಕ್ಕೆ ಕೈ ಹಾಕಿದೆ.

ಈಗ ಇಪ್ಪತ್ತು ಸೆಕೆಂಡಿಗೆ ಆನ್ ಆಗುತ್ತದೆ. ಎಂಟನೇ ತಲೆಮಾರಿನ ಚಿಪ್ ಆದ್ದರಿಂದ ವಿಂಡೋಸ್ 11 ಕೂಡ ತಕರಾರಿಲ್ಲದೆ ಕೂತಿತು. ಐದನೇ ತಲೆಮಾರಿನ ಎರಡು ಕೋರ್‌ನದಾಗಿದ್ದರೆ ನಾನೂ ಹೊಸದನ್ನೇ ಕೊಳ್ಳುತ್ತಿದ್ದೆ.

ಹಳೇ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಮನೆಯ ಫೋಟೊ ತುಂಬಿಟ್ಟಿದ್ದೇನೆ.