ಪೀಣ್ಯಕ್ಕೆ ಹೋಗುತ್ತಿದ್ದ ಹುಡುಗರು ವಸಂತನರಸಾಪುರದಲ್ಲೇ ನಿಂತರು

ನಮ್ಮದು ತುಮಕೂರಿನ ವಸಂತನರಸಾಪುರದಲ್ಲಿರುವ ಸಿಎನ್‌ಸಿ ಶಾಪ್, ಅಂದರೆ ಕಂಪ್ಯೂಟರ್ ನಡೆಸುವ ಮಷಿನ್‌ಗಳಲ್ಲಿ ಲೋಹದ ಬಿಡಿಭಾಗ ಕಡೆಯುವ ಕಾರ್ಖಾನೆ. ನೂರರ ಆಸುಪಾಸು ಜನ. ಮೊದಲೆಲ್ಲ ಹತ್ತು ಆಪರೇಟರ್ ಸೇರಿದರೆ ಆರು ತಿಂಗಳಲ್ಲಿ ಆರು ಜನ ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾ, ದಾಬಸ್‌ಪೇಟೆ ಕಡೆ ಹೊರಟುಬಿಡುತ್ತಿದ್ದರು. ಒಬ್ಬ ಬಿಟ್ಟರೆ ಹೊಸಬನ ಟ್ರೈನಿಂಗು, ಅವನು ಕೆಡಿಸಿದ ಪೀಸುಗಳ ಸ್ಕ್ರ್ಯಾಪು, ಮುರಿದ ಇನ್ಸರ್ಟು (ಲೋಹ ಕತ್ತರಿಸುವ ಟೂಲಿನ ತುದಿ) ಸೇರಿ ಹತ್ತಿರಹತ್ತಿರ 30,000 ಹೊಗೆ.

ಕನ್ಸಲ್ಟೆಂಟ್ ಒಬ್ಬರು ಒಂದೂವರೆ ಲಕ್ಷ ತೆಗೆದುಕೊಂಡು ಇವಿಪಿ, ಅಂದರೆ 'ಇಲ್ಲೇ ಯಾಕೆ ಕೆಲಸ ಮಾಡಬೇಕು' ಅನ್ನೋದಕ್ಕೆ ಕಂಪನಿ ಕೊಡುವ ಉತ್ತರ, ಮಾಡಿಕೊಟ್ಟರು. ಬಂದದ್ದು ಇಂಗ್ಲಿಷ್ ಪೋಸ್ಟರ್. ಅದರ ಮೊಳೆಗೆ ಹುಡುಗರು ಹೆಲ್ಮೆಟ್ ನೇತುಹಾಕಿದರು. ಆಮೇಲೆ ಪರಿಚಯದವರನ್ನು ಕೆಲಸಕ್ಕೆ ಕರೆತಂದರೆ 5,000 ರೆಫರಲ್ ಬೋನಸ್ ಇಟ್ಟೆವು. ಭಾವಮೈದುನರೆಲ್ಲ ಬಂದರು. ಮೂರು ತಿಂಗಳು ತುಂಬಿ ದುಡ್ಡು ಕೈಸೇರಿದ ವಾರವೇ ಹೊರಟರು.

ಎಕ್ಸಿಟ್ ಇಂಟರ್‌ವ್ಯೂನಲ್ಲಿ ಎಲ್ಲರೂ 'ಮನೆ ಪ್ರಾಬ್ಲಮ್' ಅಂತಲೇ ಬರೆಯುತ್ತಾರೆ, ಅಲ್ವಾ? ಅದನ್ನು ಬಿಟ್ಟು, ಐದಾರು ವರ್ಷದಿಂದ ಇರುವವರ ಜೊತೆ ಟೀ ಹೊತ್ತಲ್ಲಿ ಕೂತೆ. ಕೊರಟಗೆರೆ ಕಡೆಯವನೊಬ್ಬ ಹೇಳಿದ: 'ಹಸು ಕರೆದು ಡೇರಿಗೆ ಹಾಲು ಹಾಕಿ ಬರಬಹುದು ಸಾರ್. ಅಲ್ಲಿ ಆಗುತ್ತಾ?'

ಆ ಮಾತು ಹಿಡಿದು, ಕೆಲಸ ಕೇಳಿ ಬರುವವರಿಗೆ ತೋರಿಸಲು ಒಂದು ಹಾಳೆ ಬರೆದೆ, ಕನ್ನಡದಲ್ಲಿ. ಎಡಕ್ಕೆ ಪೀಣ್ಯ: ಸಂಬಳ 19,000, ರೂಮು, ಮೆಸ್ಸು, ಬಸ್ಸು ಕಳೆದು ಉಳಿಯೋದು ಹತ್ತು ಚಿಲ್ಲರೆ. ಬಲಕ್ಕೆ ನಾವು: 15,000, ಉಳಿಯೋದು ಹದಿಮೂರರ ಮೇಲೆ. ಕೆಳಗೆ: ಎರಡನೇ ಶಿಫ್ಟ್ ಮುಗಿದ ಮೇಲೆ ಊರ ಬಾಗಿಲಿಗೆ ಗಾಡಿ, ರಾಗಿ ಕೊಯ್ಲಿಗೆ ಶಿಫ್ಟ್ ಅದಲುಬದಲು, ಯುಗಾದಿ ಮರುದಿನ ಹೊಸತೊಡಕಿಗೆ ರಜೆ. ಆ ದಿನ ಹೇಗೂ ಅರ್ಧ ಜನ ಬರುತ್ತಿರಲಿಲ್ಲ! ಪಿಎಫ್, ಇಎಸ್‌ಐ ಬರೆಯಲೇ ಇಲ್ಲ. ತಿಂಗಳ ಸಂಬಳ 21,000ದೊಳಗಿನವರಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾನೂನು, ನಮ್ಮ ಉಪಕಾರ ಅಲ್ಲ.

ಕೊನೆಗೆ ದಪ್ಪಕ್ಷರದಲ್ಲಿ: 'ಎಸಿ ಇಲ್ಲ. ಏಪ್ರಿಲ್‌ನಲ್ಲಿ ಶೆಡ್ ಕಾದ ಕಾವಲಿ. ಕೂಲೆಂಟ್ (ಮಷಿನ್ ತಂಪಿಡುವ ದ್ರವ) ವಾಸನೆ ಬಟ್ಟೆಗೆ ಹತ್ತುತ್ತೆ.' ಓನರ್ ಕೆಂಡವಾದರು. 'ನಮ್ಮ ಕೊರತೆ ನಾವೇ ಬರೀತೀವೇನ್ರೀ?' ಗಾಡಿಗೆ ತಿಂಗಳಿಗೆ ಐವತ್ತು ಸಾವಿರ ಅಂದಾಗ ಇನ್ನೂ ಜಾಸ್ತಿ. ಹೊಸಬರು ಕೆಡಿಸಿದ ಪೀಸುಗಳ ಲೆಕ್ಕವಿರುವ ಸ್ಕ್ರ್ಯಾಪ್ ರಿಜಿಸ್ಟರ್ ಮುಂದಿಟ್ಟೆ. ಸುಮ್ಮನಾದರು.

ಈಗ ಹತ್ತರಲ್ಲಿ ಎರಡು ಹೋದರೆ ಹೆಚ್ಚು. ಪಕ್ಕದ ಯೂನಿಟ್‌ನವರೂ ಹಾಳೆ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ. 

  

ಡಿಪ್ಲೊಮಾ ಹುಡುಗರಿಗೆ ಮಾತ್ರ ಈ ಹಾಳೆ ನಾಟಿಲ್ಲ. ಅವರಿಗೆ ಮಷಿನ್ ಪ್ರೋಗ್ರಾಮಿಂಗ್ ಕಲಿಯಬೇಕು. ಅವರದ್ದೇ ಹಾಳೆ ಬರೆಯುತ್ತಿದ್ದೇನೆ. ಅದಕ್ಕೆ ಬೇಕಾದ, ಮಷಿನ್ ಪ್ರೋಗ್ರಾಮ್ ತಯಾರಿಸುವ ಕ್ಯಾಮ್ ಸಾಫ್ಟ್‌ವೇರ್ ಲೈಸೆನ್ಸಿನ ರೇಟು ಕೇಳಿ ಓನರ್ ಇನ್ನೂ ಸಹಿ ಹಾಕಿಲ್ಲ.