ಗೊರಬಿನೊಳಗಿನ ಬೆಕ್ಕು: ಪುಟ್ಟ ಮಕ್ಕಳಿಗೆ ಚಿತ್ರಪುಸ್ತಕ ಬರೆದ ನನ್ನ ಅನುಭವ

ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ನಾನು ಬರೆದ ಚಿತ್ರಪುಸ್ತಕದ ಕಥೆ ನಡೆಯುವುದು ಮೂಡಿಗೆರೆ ಕಡೆಯ ಒಂದು ಗದ್ದೆಬಯಲಿನಲ್ಲಿ, ನಾಟಿಯ ಕಾಲದಲ್ಲಿ. ಅಜ್ಜಿ ಮಳೆಗೆ ನೆನೆಯದಂತೆ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು ಸಸಿ ನೆಡಲು ಹೊರಡುತ್ತಾಳೆ. ಮನೆಯ ಬೆಕ್ಕಿನ ಮರಿ ಅವಳಿಗೆ ತಿಳಿಯದಂತೆ ಗೊರಬಿನೊಳಗೆ ಸೇರಿಕೊಂಡಿರುತ್ತದೆ. ಕಥೆ ಇಷ್ಟೇ. ಇಷ್ಟು ಚಿಕ್ಕ ಕಥೆಯನ್ನು ಪುಸ್ತಕವಾಗಿಸುವಾಗ ನನ್ನ ಹೆಚ್ಚಿನ ಶ್ರಮವೆಲ್ಲ ಹೋದದ್ದು, ಬರೆದುದರಲ್ಲಿ ಯಾವುದನ್ನು ಚಿತ್ರಕ್ಕೆ ಬಿಟ್ಟುಕೊಡಬೇಕು ಎಂದು ನಿರ್ಧರಿಸುವುದಕ್ಕೆ.

ಕರಡಿನ ಮೊದಲ ಸಾಲುಗಳು ಹೀಗಿದ್ದವು: ‘ಜಡಿಮಳೆ ಸುರಿಯುತ್ತಿತ್ತು. ಅಜ್ಜಿ ಬಿದಿರು ಮತ್ತು ಎಲೆಗಳಿಂದ ಹೆಣೆದ ದೊಡ್ಡ ಗೊರಬನ್ನು ತಲೆಯಿಂದ ಬೆನ್ನಿನವರೆಗೆ ಹಾಕಿಕೊಂಡು, ಸೀರೆಯನ್ನು ಎತ್ತಿ ಕಟ್ಟಿ, ಗದ್ದೆಗೆ ಹೊರಟಳು.’ ಮಳೆ, ಗೊರಬು, ಸೀರೆ ಮೂರೂ ಚಿತ್ರದಲ್ಲಿ ಕಾಣುವಂಥವು. ಅವುಗಳನ್ನು ತೆಗೆದ ಮೇಲೆ ಉಳಿದದ್ದು ‘ಅಜ್ಜಿ ಒಬ್ಬಳೇ ಗದ್ದೆಗೆ ಹೊರಟಳು’ ಎಂಬ ಒಂದೇ ವಾಕ್ಯ. ಆ ಪುಟದ ಚಿತ್ರದಲ್ಲಿ ಗೊರಬಿನ ಅಂಚಿನಿಂದ ಒಂದು ಬಾಲ ಇಣುಕುತ್ತದೆ. ಅಕ್ಷರ ಬಾರದ ಮಗುವಿಗೆ ಆ ಬಾಲ ಮೊದಲು ಕಾಣುತ್ತದೆ. ಓದಿ ಹೇಳುತ್ತಿರುವ ದೊಡ್ಡವರನ್ನೇ ತಡೆದು ‘ಒಬ್ಬಳೇ ಅಲ್ಲ, ಬೆಕ್ಕೂ ಇದೆ’ ಎಂದು ತಿದ್ದುವ ಅವಕಾಶ ಅದಕ್ಕೆ ಸಿಗುತ್ತದೆ. ಚಿತ್ರಪುಸ್ತಕದ ಜೀವ ಇರುವುದು ಇಲ್ಲಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಹಾಗೆಂದು ಎಲ್ಲವನ್ನೂ ಚಿತ್ರಕ್ಕೆ ಒಪ್ಪಿಸಲಾಗದು. ಗೊರಬಿನ ಮೇಲೆ ಮಳೆ ಬೀಳುವ ಪಟಪಟ ಸದ್ದು, ಕೆಸರಿನ ವಾಸನೆ, ಕಾಲಿಗೆ ತಗಲುವ ನೀರಿನ ಚಳಿ ಇವೆಲ್ಲ ಮಾತಿನಿಂದಲೇ ಬರಬೇಕು.

ಪುಟಗಳ ಲೆಕ್ಕ ಲೇಖಕರ ಇಷ್ಟಕ್ಕೆ ಬಿಟ್ಟದ್ದಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ, ಮಡಿಚಿ, ಕತ್ತರಿಸುವುದರಿಂದ ಇಂಥ ಪುಸ್ತಕಗಳು ಸಾಮಾನ್ಯವಾಗಿ 16, 24 ಅಥವಾ 32 ಪುಟಗಳಲ್ಲಿ ಬರುತ್ತವೆ; ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. 24 ಪುಟಗಳಲ್ಲಿ ಶೀರ್ಷಿಕೆಗೂ ಪ್ರಕಾಶನದ ವಿವರಗಳಿಗೂ ಜಾಗ ಬಿಟ್ಟರೆ ಕಥೆಗೆ ಉಳಿಯುವುದು ಹತ್ತು ಹನ್ನೊಂದು ಜೋಡಿಪುಟಗಳು. ಆದ್ದರಿಂದ ನಾನು ಬಿಳಿ ಹಾಳೆಗಳನ್ನು ಮಡಿಚಿ, ಪಿನ್ ಹೊಡೆದು, ಒಂದು ಮಾದರಿ ಪುಸ್ತಕ ಮಾಡಿಕೊಂಡು, ಪೆನ್ಸಿಲಿನಲ್ಲಿ ವಾಕ್ಯಗಳನ್ನು ಬರೆದು, ಪುಟ ತಿರುವುತ್ತಾ ಗಟ್ಟಿಯಾಗಿ ಓದಿ ನೋಡುತ್ತೇನೆ. ‘ಬದುವಿನ ಬಿಲದಲ್ಲಿ ಯಾರಿದ್ದಾರೆ?’ ಎಂಬ ಪ್ರಶ್ನೆ ಬಲಪುಟದ ಕೊನೆಯಲ್ಲಿಯೇ ಬರಬೇಕು. ಏಡಿ ಕಾಣಿಸಿಕೊಳ್ಳುವುದು ಪುಟ ತಿರುವಿದ ಮೇಲೆ. ಪ್ರಶ್ನೆ ಎಡಪುಟದಲ್ಲಿ ಬಂದು ಏಡಿ ಎದುರು ಪುಟದಲ್ಲಿಯೇ ಕುಳಿತರೆ ಮಗುವಿಗೆ ಊಹಿಸಲು ಏನೂ ಉಳಿಯುವುದಿಲ್ಲ.

ಚಲನೆಯ ದಿಕ್ಕಿಗೂ ಇಷ್ಟೇ ಮಹತ್ವವಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಪ್ರದಕ್ಷಿಣೆ ಬರುವವರಿಗೆ ಗೋಡೆ ಬಲಗಡೆಗೆ ಇರುವುದರಿಂದ, ರಾಮಾಯಣ, ಮಹಾಭಾರತಗಳ ಶಿಲ್ಪಗಳತ್ತ ಮುಖಮಾಡಿ ಮುಂದುವರಿದಂತೆ ಕಣ್ಣು ಬಲದಿಂದ ಎಡಕ್ಕೆ ಸಾಗುತ್ತದೆ. ಕನ್ನಡ ಪುಸ್ತಕದಲ್ಲಿ ಅದು ಎಡದಿಂದ ಬಲಕ್ಕೆ. ಹಾಗಾಗಿ ಗದ್ದೆಗೆ ಹೋಗುವ ಅಜ್ಜಿ ಬಲಕ್ಕೆ ನಡೆಯಬೇಕು, ಮನೆಗೆ ಮರಳುವ ಅಜ್ಜಿ ಎಡಕ್ಕೆ.

ಸಣ್ಣ ಮಕ್ಕಳ ಪುಸ್ತಕದಲ್ಲಿ ಒತ್ತಕ್ಷರಗಳೇ ಇರಬಾರದು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಮ್ಮ, ಅಜ್ಜಿ, ಅಕ್ಕ, ಬೆಕ್ಕು, ಗದ್ದೆ ಎಂಬ ಮಾತುಗಳನ್ನು ಬಿಟ್ಟು ಮಲೆನಾಡಿನ ಯಾವ ಮಗುವಿನ ಕಥೆಯನ್ನು ಬರೆಯಲು ಸಾಧ್ಯ? ಮಗುವಿನ ಬಾಯಲ್ಲಿ ದಿನವೂ ಇರುವ ಪದಗಳು ಒತ್ತಿನೊಡನೆಯೇ ಬರಲಿ. ಕಿವಿಗೂ ಕಣ್ಣಿಗೂ ಒಮ್ಮೆಲೇ ಹೊಸದಾಗುವ ಪದಗಳನ್ನು ಮಾತ್ರ ನಾನು ದೂರವಿಡುತ್ತೇನೆ. ಒತ್ತಕ್ಷರ ಸಾಲಿನಿಂದ ಕೆಳಕ್ಕೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿಸಬೇಕು. ವಾಕ್ಯಗಳ ಅಳತೆ ತಿಳಿಯಲು ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದ ಕನ್ನಡ ಕಥೆಗಳು ಉಪಯುಕ್ತ. ಅಲ್ಲಿ ಕಥೆಗಳನ್ನು ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ.

ಚಿತ್ರಕಲಾವಿದರಿಗೆ ಅಜ್ಜಿ ಹೇಗೆ ನಗಬೇಕು, ಯಾವ ಬಣ್ಣದ ಸೀರೆ ಉಡಬೇಕು ಎಂದು ಬರೆದು ಕಳಿಸುವುದು ನನ್ನ ಕೆಲಸವಲ್ಲ. ಆದರೆ ಬಯಲುಸೀಮೆಯ ಕಲಾವಿದರು ಗದ್ದೆ ಎಂದೊಡನೆ ಕಣ್ಣು ಹಾಯುವಷ್ಟು ದೂರದ ಸಮತಟ್ಟನ್ನು ಬಿಡಿಸುವುದು ಸಹಜ. ನಮ್ಮ ಗದ್ದೆಗಳು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಮೇಲೆ ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಕಾಫಿ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಇದನ್ನೆಲ್ಲ ಫೋಟೊ ತೆಗೆದು ಕಳಿಸಿದೆ. ಗೊರಬಿನ ಒಳಭಾಗದ ಹೆಣಿಗೆಯ ಫೋಟೊಗಳನ್ನು ಬೇರೆ ಬೇರೆ ಕೋನಗಳಿಂದ ತೆಗೆದೆ. ಬೆಕ್ಕು ಹಿಡಿದುಕೊಳ್ಳುವುದು ಅಲ್ಲಿಯೇ ಅಲ್ಲವೆ? ಜೊತೆಗೆ ಮಾಡಿದ ಮನವಿ ಒಂದೇ: ಜೋಡಿಪುಟದ ನಡುವಿನ ಮಡಿಕೆಯಲ್ಲಿ ಅಜ್ಜಿಯ ಮುಖವಾಗಲಿ ಬೆಕ್ಕಾಗಲಿ ಸಿಕ್ಕಿಕೊಳ್ಳಬಾರದು.

ಚಿತ್ರಗಳು ಕೈಸೇರಿದ ಮೇಲೆ ಪಠ್ಯವನ್ನು ಮತ್ತೆ ತಿದ್ದಿದೆ. ಗದ್ದೆಯಲ್ಲಿ ಎಲ್ಲರೂ ಬಾಗಿ ಸಸಿ ನೆಡುತ್ತಿರುವ ಜೋಡಿಪುಟದಲ್ಲಿ, ಏಡಿಯನ್ನು ಕಂಡ ಬೆಕ್ಕು ಗೊರಬಿನ ತುದಿಗೆ ನೇತುಬಿದ್ದಿರುವುದನ್ನು ಕಲಾವಿದರು ತೋರಿಸಿದ್ದರು. ಬೆಕ್ಕು ಹೆದರಿತು ಎಂದು ನಾನು ಅಲ್ಲಿ ಬರೆದಿದ್ದ ವಾಕ್ಯವನ್ನು ತೆಗೆದು, ಆ ಪುಟವನ್ನು ಮಾತಿಲ್ಲದೆಯೇ ಅಚ್ಚಿಗೆ ಕಳಿಸಿದೆ.